24 ಇಂಚೋ, 27 ಇಂಚೋ? ಗೇಮಿಂಗ್ ಮಾನಿಟರ್ ಕೊಳ್ಳುವ ಮುನ್ನ ಮೇಜನ್ನೂ ಕಾರ್ಡನ್ನೂ ನೋಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಯಾವ ಊರಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಗೇಮಿಂಗ್ ಮಾನಿಟರ್ ಕೇಳಿದರೂ ಮೊದಲು ಬರುವ ಮಾತು "ಎಷ್ಟ್ ಇಂಚಿಂದು ಬೇಕ್ರಿ?" ಇಂಚಿನ ಲೆಕ್ಕದಲ್ಲಿ ರೇಟು ಹೇಳುವುದು ಅವರಿಗೆ ಸುಲಭ, ಕೇಳುವುದು ನಮಗೂ ಸುಲಭ. ಆದರೆ ಇಂಚು ಒಂದನ್ನೇ ಹೇಳುವುದೆಂದರೆ ಬಟ್ಟೆ ಅಂಗಡಿಯಲ್ಲಿ ಮೀಟರ್ ಹೇಳಿ ಪನ್ನಾ ಹೇಳದಂತೆ. ಪರದೆಯಲ್ಲಿ ಎಷ್ಟು ಪಿಕ್ಸೆಲ್ (ಚಿತ್ರ ಮೂಡಿಸುವ ಸಣ್ಣ ಚುಕ್ಕಿ) ಇವೆ ಎಂಬ ರೆಸೊಲ್ಯೂಶನ್ನೂ ಗೊತ್ತಿರಬೇಕು: 1080ಪಿ ಎಂದರೆ 1920 × 1080, 1440ಪಿ ಎಂದರೆ 2560 × 1440, 4ಕೆ ಎಂದರೆ 3840 × 2160. 27 ಇಂಚಿನ ಪರದೆ 1080ಪಿಯದಾದರೆ ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಅದೇ ಅಳತೆ 1440ಪಿಯದಾದರೆ ಕಣ್ಣಿಗೆ ಹಿತ. 4ಕೆಯದಾದರೆ ನೋಡಲು ಚಂದ, ಆದರೆ ಆಟದ ಚಿತ್ರ ಬರೆಯುವ ಸಾಧಾರಣ ಗ್ರಾಫಿಕ್ಸ್ ಕಾರ್ಡಿಗೆ ಹೊರಲಾರದ ಹೊರೆ.

ಹಾಗಾಗಿ ಅಳತೆಯನ್ನೂ ರೆಸೊಲ್ಯೂಶನ್ನನ್ನೂ ಜೋಡಿಯಾಗಿಯೇ ಆರಿಸಬೇಕು. ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಎರಡು ವಿಷಯ ತಿಳಿದುಕೊಳ್ಳಿ: ಕಣ್ಣಿಗೂ ಪರದೆಗೂ ಇರುವ ದೂರ, ಕ್ಯಾಬಿನೆಟ್ಟಿನ ಒಳಗಿರುವ ಕಾರ್ಡು.

ಮೊದಲು ಟೇಪು ಹಿಡಿಯಿರಿ

ಆಟ ಆಡುವಾಗ ಹೇಗೆ ಕೂರುತ್ತೀರೋ ಹಾಗೆಯೇ ಕೂತು, ಕಣ್ಣಿನಿಂದ ಪರದೆ ಬರುವ ಜಾಗದವರೆಗೆ ಅಳೆಯಿರಿ. ಅಂಗಡಿಗಳಲ್ಲಿ ಸಿಗುವ ಸಾಧಾರಣ ಕಂಪ್ಯೂಟರ್ ಮೇಜು ಗೋಡೆಯಿಂದ ಮುಂದಕ್ಕೆ 45ರಿಂದ 50 ಸೆಂ.ಮೀ. ಇರುತ್ತದೆ. ಮಾನಿಟರಿನ ಸ್ಟ್ಯಾಂಡೇ ಅದರಲ್ಲಿ 20 ಸೆಂ.ಮೀ. ತಿನ್ನುತ್ತದೆ, ಕಾಲುಗಳು ಇಂಗ್ಲಿಷಿನ ವಿ ಆಕಾರದಲ್ಲಿ ಚಾಚಿದ್ದರೆ ಇನ್ನೂ ಹೆಚ್ಚು. ಕೀಬೋರ್ಡಿಗೂ ಜಾಗ ಬೇಕು. ಕೊನೆಗೆ ಕಣ್ಣಿನ ದೂರ 55ರಿಂದ 65 ಸೆಂ.ಮೀ.ಗೆ, ಅಂದರೆ ಒಂದೂವರೆ ಮೊಳದ ಒಳಗೇ ನಿಲ್ಲುತ್ತದೆ. ಬೆಳಗಾವಿಯ ಟಿಳಕವಾಡಿಯ ಬಾಡಿಗೆ ಕೋಣೆಯಲ್ಲಿ ಮಂಚಕ್ಕೂ ಮೇಜಿಗೂ ನಡುವೆ ಕುರ್ಚಿ ಸಿಕ್ಕಿಸಿದವರಿಗೆ ಅಷ್ಟೂ ಸಿಗುವುದಿಲ್ಲ.

ಪೆಟ್ಟಿಗೆಯ ಮೇಲಿನ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. ಮೇಜಿನ ಮೇಲೆ ಬೇಕಾಗುವುದು ಅಗಲ. 24 ಇಂಚಿನ ಪರದೆ 53 ಸೆಂ.ಮೀ. ಅಗಲ, 30 ಎತ್ತರ. 27 ಇಂಚಿನದು 60 ಅಗಲ, 34 ಎತ್ತರ. 32 ಇಂಚಿನದು 71 ಅಗಲ, 40 ಎತ್ತರ. 34 ಇಂಚಿನ ಅಲ್ಟ್ರಾವೈಡ್ 80 ಅಗಲ, ಎತ್ತರ ಮಾತ್ರ 27 ಇಂಚಿನದಕ್ಕಿಂತ ಕೂದಲೆಳೆ ಕಡಿಮೆ. ಹಳೆ ರಟ್ಟಿನ ಪೆಟ್ಟಿಗೆಯನ್ನು ಈ ಅಳತೆಗೆ ಕತ್ತರಿಸಿ ಪರದೆ ನಿಲ್ಲುವ ಜಾಗದಲ್ಲಿ ನಿಲ್ಲಿಸಿ, ಎದುರಿಗೆ ಹತ್ತು ನಿಮಿಷ ಕೂತು ನೋಡಿ. ಎಡ ಮೂಲೆಯಲ್ಲಿ ಮ್ಯಾಪ್, ಬಲ ಮೂಲೆಯಲ್ಲಿ ಗುಂಡಿನ ಲೆಕ್ಕ ಇದೆ ಎಂದುಕೊಳ್ಳಿ. ಕಣ್ಣು ಹೊರಳಿಸಿದರೆ ಸಾಕಾದರೆ ಅಳತೆ ಸರಿ, ಕುತ್ತಿಗೆಯನ್ನೇ ತಿರುಗಿಸಬೇಕಾದರೆ ಅದು ನಿಮ್ಮ ಮೇಜಿಗೆ ದೊಡ್ಡದಾಯಿತು. 60 ಸೆಂ.ಮೀ. ದೂರದಲ್ಲಿ 24 ಇಂಚು ನಿರಾಯಾಸ, 27 ಇಂಚು ಮೇಲಿನ ಮಿತಿ. 32 ಇಂಚಿಗೆ 80 ಸೆಂ.ಮೀ.ಯಾದರೂ ಇರಲಿ.

ಸ್ಟ್ಯಾಂಡು ತೆಗೆದು ಮಾನಿಟರ್ ಆರ್ಮ್ (ಮೇಜಿನ ಅಂಚಿಗೆ ಕ್ಲಾಂಪಿನಿಂದ ಬಿಗಿಯುವ ತೋಳು) ಹಾಕಿದರೆ ಪರದೆ ಗೋಡೆಯ ಹತ್ತಿರಕ್ಕೆ ಹೋಗಿ 10ರಿಂದ 15 ಸೆಂ.ಮೀ. ಉಳಿಯುತ್ತದೆ. ಆರ್ಮ್ ಹಾಕುವ ಯೋಚನೆಯಿದ್ದರೆ ಮಾನಿಟರಿನ ಬೆನ್ನಿಗೆ 75 × 75 ಅಥವಾ 100 × 100 ಮಿ.ಮೀ. ಅಂತರದ ನಾಲ್ಕು ಸ್ಕ್ರೂ ತೂತು ಇವೆಯೇ ಎಂದು ಮೊದಲೇ ನೋಡಿ, ಅಗ್ಗದ ಕೆಲವು ಮಾಡೆಲ್‌ಗಳಲ್ಲಿ ಇರುವುದಿಲ್ಲ. 18 ಮಿ.ಮೀ. ಪಾರ್ಟಿಕಲ್ ಬೋರ್ಡಿನ ಮೇಜಿಗೆ ಕ್ಲಾಂಪ್ ನೇರವಾಗಿ ಬಿಗಿದರೆ ಬೋರ್ಡು ಒಳಕ್ಕೆ ಕುಸಿಯಬಹುದು, ಮೇಲೊಂದು ಕೆಳಗೊಂದು ಕಬ್ಬಿಣದ ತಗಡು ಕೊಟ್ಟು ಬಿಗಿಯಿರಿ. ನಮ್ಮ ಕಡೆ ಹಲವು ಮನೆಗಳಲ್ಲಿ ಗೋಡೆಗೆ ಕೂಡಿಸಿದ ಫರಸಿ ಕಟ್ಟೆಯೇ ಮೇಜು. ಅದರ ಅಂಚಿಗೆ ಕ್ಲಾಂಪ್ ಹಾಕಬೇಡಿ. ಕಲ್ಲು ಭಾರ ಹೊರುತ್ತದೆ, ಆದರೆ ಒಂದೇ ಬಿಂದುವಿನಲ್ಲಿ ಹಿಂಡಿದರೆ ಅಂಚು ಸಿಡಿಯುತ್ತದೆ. ಅಲ್ಲಿ ಗೋಡೆಗೆ ಕೂರಿಸುವ ಬ್ರಾಕೆಟ್ಟೇ ಸರಿ.

ಪಿಕ್ಸೆಲ್ ಎಷ್ಟು ಒತ್ತಾಗಿ ಕೂತಿವೆ

ಒಂದು ಇಂಚಿನೊಳಗೆ ಎಷ್ಟು ಪಿಕ್ಸೆಲ್ ಕೂತಿವೆ ಎಂಬುದೇ ಪಿಪಿಐ. ದೃಷ್ಟಿ ಸರಿಯಿರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. ಆ ಲೆಕ್ಕದಿಂದ 8,730ನ್ನು ಪಿಪಿಐನಿಂದ ಭಾಗಿಸಿದರೆ, ಎಷ್ಟು ಸೆಂ.ಮೀ. ದೂರದಾಚೆ ಪಿಕ್ಸೆಲ್ ಬಿಡಿಬಿಡಿಯಾಗಿ ಕಾಣುವುದು ನಿಲ್ಲುತ್ತದೆ ಎಂದು ಸಿಗುತ್ತದೆ.

24 ಇಂಚು, 1080ಪಿ: 92 ಪಿಪಿಐ, 95 ಸೆಂ.ಮೀ.
27 ಇಂಚು, 1080ಪಿ: 82 ಪಿಪಿಐ, 107 ಸೆಂ.ಮೀ.
27 ಇಂಚು, 1440ಪಿ: 109 ಪಿಪಿಐ, 80 ಸೆಂ.ಮೀ.
32 ಇಂಚು, 1440ಪಿ: 92 ಪಿಪಿಐ, 95 ಸೆಂ.ಮೀ.
34 ಇಂಚು, 3440 × 1440: 110 ಪಿಪಿಐ, 80 ಸೆಂ.ಮೀ.
32 ಇಂಚು, 4ಕೆ: 138 ಪಿಪಿಐ, 63 ಸೆಂ.ಮೀ.
27 ಇಂಚು, 4ಕೆ: 163 ಪಿಪಿಐ, 53 ಸೆಂ.ಮೀ.

ಈ ದೂರಕ್ಕಿಂತ ಹತ್ತಿರ ಕೂತರೆ ಆಟ ಕೆಡುತ್ತದೆ ಎಂದಲ್ಲ. ಚಿತ್ರ ಓಡುತ್ತಿರುವಾಗ ಕಣ್ಣು ಅಷ್ಟು ಕಟ್ಟುನಿಟ್ಟಾಗಿರುವುದಿಲ್ಲ, 24 ಇಂಚು 1080ಪಿಯನ್ನು 65 ಸೆಂ.ಮೀ. ದೂರದಲ್ಲಿಟ್ಟು ಆಡುವವರು ಎಷ್ಟೋ ಮಂದಿ. ಆದರೆ ಪಟ್ಟಿಯ ಎರಡನೇ ಸಾಲನ್ನು ಗಮನಿಸಿ. 27 ಇಂಚು 1080ಪಿ ಅಗ್ಗಕ್ಕೆ ದೊಡ್ಡ ಪರದೆ ಎಂದು ಚೆನ್ನಾಗಿ ಮಾರಾಟವಾಗುತ್ತದೆ, ಮೇಜಿನ ಮೇಲೆ ಬಂದ ಮೇಲೆ ಬೇಸರ ತರುತ್ತದೆ. ತಂತಿ ಬೇಲಿ, ಗಿಡದ ಎಲೆ, ದೂರದಲ್ಲಿ ನಿಂತ ಎದುರಾಳಿ, ಇಂಥ ಸಣ್ಣ ವಸ್ತುಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತವೆ. ಆಟ ಮುಗಿಸಿ ಅದೇ ಪರದೆಯಲ್ಲಿ ಕಾಲೇಜಿನ ಕೋಡ್ ಬರೆಯಲು ಕೂತರೆ ಅಕ್ಷರ ಮಂಜು ಮಂಜು. ಮಂಚದ ಮೇಲೆ ಒರಗಿ, ಮೀಟರಿಗಿಂತ ದೂರದಿಂದ ಕಂಟ್ರೋಲರ್ ಹಿಡಿದು ಆಡುವವರನ್ನು ಬಿಟ್ಟರೆ ಈ ಜೋಡಿಯನ್ನು ಯಾರಿಗೂ ಹೇಳಲಾಗದು. ಅಷ್ಟೇ ಹಣಕ್ಕೆ ಒಳ್ಳೆಯ 24 ಇಂಚು ಕೊಳ್ಳಿ.

32 ಇಂಚು 1440ಪಿಯ ಒತ್ತು 24 ಇಂಚು 1080ಪಿಯದೇ. ದೊಡ್ಡದಾಗಿ ಕಾಣುತ್ತದೆ, ನುಣುಪು ಹೆಚ್ಚುವುದಿಲ್ಲ. ರೇಸಿಂಗ್ ಆಟ, ಕಥೆಯ ಆಟಗಳಿಗೆ 90 ಸೆಂ.ಮೀ. ದೂರ ಸಿಗುವ ಮೇಜಿದ್ದರೆ ಅದು ಒಳ್ಳೆಯ ಆಯ್ಕೆ, ಇಲ್ಲದಿದ್ದರೆ ಬೇಡ.

ಒಂದು ಎಚ್ಚರ. 1440ಪಿಗೆ ಅಂಗಡಿಯಲ್ಲಿ "2ಕೆ" ಎನ್ನುತ್ತಾರೆ, ಕೆಲವು ಚೀಟಿಗಳಲ್ಲಿ 1080ಪಿಗೂ ಅದೇ ಹೆಸರು ಅಂಟಿರುತ್ತದೆ. ಹೆಸರು ನಂಬದೆ ಪೆಟ್ಟಿಗೆಯ ಮೇಲೆ 2560 × 1440 ಎಂಬ ಅಂಕಿಯನ್ನೇ ಹುಡುಕಿ.

ಕಾರ್ಡು ಎಷ್ಟು ಹೊರುತ್ತದೆ

1080ಪಿಯ ಪ್ರತಿ ಫ್ರೇಮಿನಲ್ಲಿ, ಅಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರದಲ್ಲಿ, 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 3440 × 1440 ಅಲ್ಟ್ರಾವೈಡಿನಲ್ಲಿ 49.5 ಲಕ್ಷ, 4ಕೆಯಲ್ಲಿ 82.9 ಲಕ್ಷ. ಪಿಕ್ಸೆಲ್ ಹೆಚ್ಚಿದಷ್ಟೇ ಪ್ರಮಾಣದಲ್ಲಿ ವೇಗ ಇಳಿಯುವುದಿಲ್ಲ, ಸ್ವಲ್ಪ ಕಡಿಮೆ ಇಳಿಯುತ್ತದೆ. ಕಾರ್ಡಿನ ಪೂರ್ತಿ ಶಕ್ತಿ ಬೇಡುವ ಆಟವೊಂದು 1080ಪಿಯಲ್ಲಿ 100 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಫ್ರೇಮ್ ಎಂಬ ಲೆಕ್ಕ) ಓಡುತ್ತಿದ್ದರೆ 1440ಪಿಯಲ್ಲಿ ಸುಮಾರು 65ರಿಂದ 75, 4ಕೆಯಲ್ಲಿ 35ರಿಂದ 40 ಎಂದಿಟ್ಟುಕೊಳ್ಳಿ.

ಅಂದಾಜೇಕೆ, ಕೊಳ್ಳುವ ಮೊದಲೇ ನಿಮ್ಮ ಯಂತ್ರದಲ್ಲಿ ಇದನ್ನು ಅಳೆಯಬಹುದು. ಎನ್‌ವಿಡಿಯಾ ಕಾರ್ಡಾದರೆ ಕಂಟ್ರೋಲ್ ಪ್ಯಾನೆಲ್‌ನ ಮ್ಯಾನೇಜ್ 3ಡಿ ಸೆಟ್ಟಿಂಗ್ಸ್‌ನಲ್ಲಿ ಡಿಎಸ್‌ಆರ್ ಫ್ಯಾಕ್ಟರ್ಸ್ ತೆರೆದು 1.78 ಪಟ್ಟಿಗೆ ಟಿಕ್ ಹಾಕಿ. ಎಎಂಡಿಯಾದರೆ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲಿ ವರ್ಚುವಲ್ ಸೂಪರ್ ರೆಸೊಲ್ಯೂಶನ್ ಆನ್ ಮಾಡಿ. ಆಮೇಲೆ ಆಟದ ಸೆಟ್ಟಿಂಗ್ಸ್‌ನಲ್ಲಿ 2560 × 1440 ಕಾಣಿಸುತ್ತದೆ. ಈಗಿನ 1080ಪಿ ಮಾನಿಟರಿನಲ್ಲೇ ಕಾರ್ಡು 1440ಪಿಯ ಕೆಲಸ ಮಾಡುತ್ತದೆ. ನೀವು ದಿನವೂ ಆಡುವ ಆಟವನ್ನು ಅದರಲ್ಲಿ ಅರ್ಧ ಗಂಟೆ ಆಡಿ ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ. 4ಕೆ ಪರೀಕ್ಷಿಸಲು ಡಿಎಸ್‌ಆರ್‌ನಲ್ಲಿ 4.00 ಪಟ್ಟು. ಬೇರೆ ಯಂತ್ರದಲ್ಲಿ ತೆಗೆದ ಯೂಟ್ಯೂಬ್ ವಿಡಿಯೊಕ್ಕಿಂತ ಈ ಅಂಕಿ ಹೆಚ್ಚು ನಂಬಿಕೆಗೆ ಯೋಗ್ಯ.

ಸ್ಥೂಲವಾಗಿ ಹೇಳುವುದಾದರೆ, ಜಿಟಿಎಕ್ಸ್ 1650, ಆರ್‌ಟಿಎಕ್ಸ್ 3050 ಮಟ್ಟದ ಕಾರ್ಡಿಗೆ 1080ಪಿಯೇ ನೆಲೆ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060, 4060 ಇವು 1080ಪಿಯಲ್ಲಿ ಹಾಯಾಗಿ ಓಡುತ್ತವೆ, 1440ಪಿಯಲ್ಲಿ ಹೊಸ ಆಟಗಳಿಗೆ ಸೆಟ್ಟಿಂಗ್ ಇಳಿಸಬೇಕು. ಆರ್‌ಟಿಎಕ್ಸ್ 4070, 5070, ಆರ್‌ಎಕ್ಸ್ 7700 ಎಕ್ಸ್‌ಟಿ, 7800 ಎಕ್ಸ್‌ಟಿ 1440ಪಿಗೆ ಹೇಳಿಮಾಡಿಸಿದಂತಿವೆ. 4ಕೆಗೆ ಆರ್‌ಟಿಎಕ್ಸ್ 5070 ಟಿಐ, 4080 ಅಥವಾ ಆರ್‌ಎಕ್ಸ್ 9070 ಎಕ್ಸ್‌ಟಿ ಮಟ್ಟದಿಂದ ಮೇಲೆ ಯೋಚಿಸಿ. ಕಾರ್ಡಿನ ಮೆಮೊರಿಯನ್ನೂ ನೋಡಿ. 8 ಜಿಬಿ ಇದ್ದು 1440ಪಿಯಲ್ಲಿ ಟೆಕ್ಸ್‌ಚರ್ (ಆಟದ ವಸ್ತುಗಳ ಮೇಲ್ಮೈಯ ಚಿತ್ರ) ಅಲ್ಟ್ರಾಕ್ಕೆ ಇಟ್ಟರೆ ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ತೋರಿಸುತ್ತಾ ನಡುನಡುವೆ ಆಟ ತಡವರಿಸುತ್ತದೆ. ಟೆಕ್ಸ್‌ಚರ್ ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ.

ನಡುಮಟ್ಟದ ಕಾರ್ಡಿದ್ದವರೂ 1440ಪಿಗೆ ಧೈರ್ಯ ಮಾಡಲು ಕಾರಣ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್. ಇವು ಚಿತ್ರವನ್ನು ಚಿಕ್ಕದಾಗಿ ಬರೆದು ಆಮೇಲೆ ಹಿಗ್ಗಿಸುತ್ತವೆ. ಕ್ವಾಲಿಟಿ ಮೋಡಿನಲ್ಲಿ 1080ಪಿ ಮಾನಿಟರಿಗೆ 1280 × 720ರಿಂದ ಹಿಗ್ಗಬೇಕು, ಮೂಲದಲ್ಲೇ ವಿವರ ಇಲ್ಲದ್ದರಿಂದ ಮಸುಕಾಗುತ್ತದೆ. 1440ಪಿ ಮಾನಿಟರಿಗೆ 1707 × 960ರಿಂದ, 4ಕೆಗೆ 2560 × 1440ರಿಂದ. ಅಂದರೆ ಮಾನಿಟರಿನ ರೆಸೊಲ್ಯೂಶನ್ ಹೆಚ್ಚಿದಷ್ಟೂ ಈ ತಂತ್ರದ ಫಲ ಚೆನ್ನ. ಕಾರ್ಡು ನಾಲ್ಕೈದು ವರ್ಷಕ್ಕೆ ಬದಲಾಗುತ್ತದೆ, ಮಾನಿಟರ್ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಇವತ್ತಿನ ಕಾರ್ಡಿಗಿಂತ ಒಂದು ಮೆಟ್ಟಿಲು ಮೇಲಿನ ಮಾನಿಟರ್ ತಪ್ಪಲ್ಲ, ಎರಡು ಮೆಟ್ಟಿಲು ಮೇಲಿನದು ತಪ್ಪು.

"ಭಾರವಾದರೆ 1440ಪಿ ಮಾನಿಟರಿನಲ್ಲಿ 1080ಪಿ ಹಾಕಿ ಆಡಿದರಾಯಿತು" ಎಂಬ ಮಾತು ಕೇಳಲು ಸರಿ. ಆದರೆ ಆಗ ಒಂದು ಪಿಕ್ಸೆಲ್ 1.33 ಪಿಕ್ಸೆಲಿನ ಮೇಲೆ ಹರಡಬೇಕು, ಅದು ಪೂರ್ಣಾಂಕವಲ್ಲ, ಚಿತ್ರ ಮಬ್ಬಾಗುತ್ತದೆ. 4ಕೆಯಲ್ಲಿ ಮಾತ್ರ 1080ಪಿಯ ಒಂದು ಪಿಕ್ಸೆಲ್ 2 × 2 ಚೌಕಕ್ಕೆ ಸರಿಯಾಗಿ ಕೂರುತ್ತದೆ, ಡ್ರೈವರಿನಲ್ಲಿ ಇಂಟಿಜರ್ ಸ್ಕೇಲಿಂಗ್ ಆನ್ ಮಾಡಿದರೆ.

ಹಳೆ ಪ್ರೊಸೆಸರ್ ಇಟ್ಟುಕೊಂಡು ಕಾರ್ಡು ಮಾತ್ರ ಹೊಸದು ಹಾಕಿಸಿದವರಿಗೆ ಇನ್ನೊಂದು ಮಾತು. ರೆಸೊಲ್ಯೂಶನ್ನಿನ ಹೊರೆ ಕಾರ್ಡಿನ ಮೇಲೆ, ಎಫ್‌ಪಿಎಸ್‌ನ ಹೊರೆ ಪ್ರೊಸೆಸರಿನ ಮೇಲೆ. ಪ್ರೊಸೆಸರ್ 80 ಎಫ್‌ಪಿಎಸ್‌ಗೆ ಸುಸ್ತಾಗುವಂಥದ್ದಾದರೆ 240 ಹರ್ಟ್ಸ್‌ನ (ಸೆಕೆಂಡಿಗೆ 240 ಸಲ ಚಿತ್ರ ಬದಲಿಸುವ) 1080ಪಿ ಮಾನಿಟರ್ ತಂದೂ ಪ್ರಯೋಜನವಿಲ್ಲ. ಅಂಥ ಯಂತ್ರಕ್ಕೆ 1440ಪಿಯೇ ಲಾಭ, ಸುಮ್ಮನೆ ಕೂತ ಕಾರ್ಡಿಗೆ ಕೆಲಸ ಸಿಗುತ್ತದೆ.

ಯಾವ ಆಟ, ಎಷ್ಟು ಹರ್ಟ್ಸ್

60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. ಮೊದಲ ಜಿಗಿತ ಮೌಸ್ ಆಡಿಸಿದ ಕೂಡಲೇ ಯಾರಿಗೂ ತಿಳಿಯುತ್ತದೆ, ಎರಡನೆಯದು ಸ್ಪರ್ಧೆಗೆ ಆಡುವವರಿಗಷ್ಟೇ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಹೆಚ್ಚಾಗಿ ಆಡುವವರು 24 ಇಂಚು, 1080ಪಿ, 180 ಹರ್ಟ್ಸ್ ಅಥವಾ ಮೇಲೆ. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಶನ್ 2, ಫೋರ್ಜಾ ಹೊರೈಜ಼ನ್ 5 ಆಡುವವರು 27 ಇಂಚು, 1440ಪಿ, 144ರಿಂದ 180 ಹರ್ಟ್ಸ್. ಎರಡೂ ಆಡುವವರಿಗೂ ಇದೇ ಎರಡನೆಯದು.

ಅಲ್ಟ್ರಾವೈಡ್ ರೇಸಿಂಗಿಗೂ ತೆರೆದ ಲೋಕದ ಆಟಗಳಿಗೂ ಮೋಹಕ. ಆದರೆ ಎಲ್ಡನ್ ರಿಂಗ್‌ನಂಥ ಆಟಗಳಲ್ಲಿ ಎರಡೂ ಪಕ್ಕಕ್ಕೆ ಕಪ್ಪು ಪಟ್ಟಿ ಬರುತ್ತದೆ, ಆ ಆಟಕ್ಕೆ 60 ಎಫ್‌ಪಿಎಸ್‌ನ ಮಿತಿಯೂ ಇದೆ. ಕೊಳ್ಳುವುದಾದರೆ ತೆರಿಗೆಯ ಲೆಕ್ಕ ಈಗ ಅನುಕೂಲವಾಗಿದೆ: 32 ಇಂಚಿಗಿಂತ ದೊಡ್ಡ ಮಾನಿಟರಿನ ಮೇಲಿದ್ದ ಶೇ. 28 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಹಳೆ ಸ್ಟಾಕಿಗೆ ಹಳೆ ರೇಟು ಹೇಳಿದರೆ ಬಿಲ್ಲಿನಲ್ಲಿ ತೆರಿಗೆಯ ಸಾಲು ತೋರಿಸಲು ಕೇಳಿ.

ಮಾನಿಟರಿನ ಹರ್ಟ್ಸನ್ನು ಆಟದ ಎಫ್‌ಪಿಎಸ್‌ಗೆ ಹೊಂದಿಸುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಕಂಪ್ಯಾಟಿಬಲ್ ಇರಲೇಬೇಕು. ಇದರ ಕೆಲಸದ ವ್ಯಾಪ್ತಿ ಎಷ್ಟೋ ಮಾನಿಟರುಗಳಲ್ಲಿ 48 ಹರ್ಟ್ಸ್‌ನಿಂದ ಶುರು. ಮೇಲೆ, ಮಾನಿಟರಿನ ಹರ್ಟ್ಸ್‌ಗಿಂತ ಮೂರು ಕಡಿಮೆ ಎಫ್‌ಪಿಎಸ್‌ಗೆ ಮಿತಿ ಹಾಕಿ. ಚಿತ್ರ ಅಡ್ಡಕ್ಕೆ ಸೀಳಿದಂತೆ ಕಾಣುವುದೂ ತಪ್ಪುತ್ತದೆ, ಕಾರ್ಡು ಸುಮ್ಮನೆ ಬಿಸಿಯಾಗುವುದೂ ತಪ್ಪುತ್ತದೆ. ವಿಜಯಪುರದ ಮೇ ತಿಂಗಳಲ್ಲಿ, ತಾರಸಿ ಕೆಳಗಿನ ಕೋಣೆಯಲ್ಲಿ, 200 ವ್ಯಾಟ್ ತಿನ್ನುವ ಕಾರ್ಡೆಂದರೆ 200 ವ್ಯಾಟಿನ ಹೀಟರೇ.

ಪ್ಯಾನೆಲ್ ಮತ್ತು ಬಿಸಿಲು

ಪರದೆಯ ಪ್ಯಾನೆಲ್ ಐಪಿಎಸ್, ವಿಎ, ಓಎಲ್‌ಇಡಿ ಎಂಬ ಬಗೆಗಳಲ್ಲಿ ಬರುತ್ತದೆ. ಹಗಲು ಹೊತ್ತು ಆಡುವವರಿಗೆ ಐಪಿಎಸ್. ಬಣ್ಣ ಚೆನ್ನ, ಪಕ್ಕದಿಂದ ನೋಡಿದರೂ ಮಾಸದು. ಕತ್ತಲ ಕೋಣೆಯಲ್ಲಿ ಕಪ್ಪು ಬೂದಿಯಾಗಿ ಕಾಣುವುದು ಅದರ ಕೊರತೆ. ವಿಎ ಪ್ಯಾನೆಲಿನ ಕಪ್ಪು ಗಾಢ, ಆದರೆ ಅಗ್ಗದ ವಿಎಗಳಲ್ಲಿ ಕತ್ತಲ ದೃಶ್ಯ ಓಡುವಾಗ ಹಿಂದೆ ಮಸಿ ಬಳಿದಂತೆ ನೆರಳು ಉಳಿಯುತ್ತದೆ. ಓಎಲ್‌ಇಡಿ ನೋಡಲು ಅದ್ಭುತ. ಆದರೆ ಒಂದೇ ಆಟ ದಿನಕ್ಕೆ ಎಂಟು ಗಂಟೆ ಆಡಿದರೆ ಮ್ಯಾಪ್, ಸ್ಕೋರ್ ಇರುವ ಜಾಗದಲ್ಲಿ ಗುರುತು ಕೂರುವ ಅಪಾಯ ನಿಜ, ವಾರಂಟಿಯಲ್ಲಿ ಅದು ಸೇರಿದೆಯೇ ಓದಿ. ಪೆಟ್ಟಿಗೆಯ ಮೇಲಿನ ಎಚ್‌ಡಿಆರ್ (ಬೆಳಕು–ಕತ್ತಲಿನ ಅಂತರ ಹೆಚ್ಚಾಗಿ ತೋರಿಸುವ ಸೌಲಭ್ಯ) 400 ಮುದ್ರೆಗೆ ಹೆಚ್ಚು ಹಣ ಕೊಡಬೇಡಿ. ಬೆಳಕು 400 ನಿಟ್ಸ್ (ಪರದೆಯ ಹೊಳಪಿನ ಅಳತೆ) ಮುಟ್ಟಿದರೆ ಆ ಮುದ್ರೆ ಸಿಗುತ್ತದೆ, ಪರದೆಯನ್ನು ಭಾಗ ಭಾಗವಾಗಿ ಮಬ್ಬು ಮಾಡುವ ವ್ಯವಸ್ಥೆ ಇರಬೇಕೆಂದಿಲ್ಲ. ಎಚ್‌ಡಿಆರ್‌ನ ಸೊಗಸು ಬರುವುದೇ ಆ ವ್ಯವಸ್ಥೆಯಿಂದ.

ಕಿಟಕಿ ಬೆನ್ನ ಹಿಂದೆ ಇದ್ದರೆ ಪರದೆಯೇ ಕನ್ನಡಿ, ಪರದೆಯ ಹಿಂದೆ ಇದ್ದರೆ ಕಣ್ಣು ಕುಕ್ಕುತ್ತದೆ. ಮೇಜನ್ನು ಕಿಟಕಿಗೆ ಪಕ್ಕವಾಗಿ ತಿರುಗಿಸಿ. ಬೆಳಗಾವಿಯ ಮಳೆಗಾಲದ ಮೋಡದ ಬೆಳಕಿಗೆ 250 ನಿಟ್ಸ್ ಸಾಕು. ಬಾಗಲಕೋಟೆ, ವಿಜಯಪುರದ ಬೇಸಿಗೆ ಮಧ್ಯಾಹ್ನಕ್ಕೆ 350ರ ಆಸುಪಾಸು ಇರಲಿ. ಬಹುತೇಕ ಮಾನಿಟರುಗಳ ಕೈಪಿಡಿಯಲ್ಲಿ 40 ಡಿಗ್ರಿವರೆಗಿನ ಉಷ್ಣತೆಯಲ್ಲಿ ಬಳಸಿ ಎಂದಿರುತ್ತದೆ, ನಮ್ಮ ಏಪ್ರಿಲ್–ಮೇ ಅದನ್ನು ದಾಟುತ್ತದೆ. ಬೆನ್ನಿನ ಗಾಳಿಕಂಡಿ ಮುಚ್ಚದಂತೆ ಗೋಡೆಯಿಂದ ಒಂದಿಷ್ಟು ದೂರ ಬಿಡಿ.

ತಂದ ಮೇಲೆ ಆಗುವ ಎಡವಟ್ಟುಗಳು

"180 ಹರ್ಟ್ಸ್ ಅಂತ ಕೊಟ್ರು, 60ರಾಗೇ ಓಡಾಕತ್ತೈತಿ" ಎಂಬ ದೂರಿಗೆ ಸಾಮಾನ್ಯವಾಗಿ ಮೂರೇ ಕಾರಣ. ಕೇಬಲನ್ನು ಕಾರ್ಡಿನ ಬದಲು ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿರುವುದು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ಹರ್ಟ್ಸ್ ಬದಲಿಸದಿರುವುದು. ಕೇಬಲ್ ಅಥವಾ ಪೋರ್ಟ್ ಹಳೆಯದಾಗಿರುವುದು. ಎಚ್‌ಡಿಎಂಐ 1.4ರಲ್ಲಿ 1080ಪಿಗೆ 120 ಹರ್ಟ್ಸ್ ಮಿತಿ. ಎಚ್‌ಡಿಎಂಐ 2.0ರಲ್ಲಿ 1440ಪಿಗೆ 144, 4ಕೆಗೆ 60. ಡಿಸ್‌ಪ್ಲೇಪೋರ್ಟ್ 1.4 ಇದ್ದರೆ 1440ಪಿಯ 180 ಹರ್ಟ್ಸ್ ನಿಶ್ಚಿಂತೆ. 4ಕೆ 144ಕ್ಕೆ ಡಿಸ್‌ಪ್ಲೇಪೋರ್ಟ್ 1.4ರ ಜೊತೆ ಡಿಎಸ್‌ಸಿ (ಚಿತ್ರದ ಸಂಕೇತವನ್ನು ಕುಗ್ಗಿಸಿ ಕಳಿಸುವ ತಂತ್ರ), ಇಲ್ಲವೇ ಎಚ್‌ಡಿಎಂಐ 2.1 ಬೇಕು. ಪೆಟ್ಟಿಗೆಯಲ್ಲಿ ಡಿಸ್‌ಪ್ಲೇಪೋರ್ಟ್ ಕೇಬಲ್ ಬಂದಿದ್ದರೆ ಅದನ್ನೇ ಹಾಕಿ.

ಮಾನಿಟರಿನ ಮೆನುವಿನಲ್ಲಿ, ಪಿಕ್ಸೆಲ್ ಬೇಗ ಬಣ್ಣ ಬದಲಿಸುವಂತೆ ಮಾಡುವ ಓವರ್‌ಡ್ರೈವ್ ಅನ್ನು ನಡುವಿನ ಹಂತದಲ್ಲಿಡಿ. ಪೆಟ್ಟಿಗೆಯ ಮೇಲಿನ "1 ಮಿಲಿಸೆಕೆಂಡ್" ಎಷ್ಟೋ ಸಲ ಅತಿ ಹೆಚ್ಚಿನ ಹಂತದ್ದು, ಆ ಹಂತದಲ್ಲಿ ಓಡುವ ವಸ್ತುವಿನ ಸುತ್ತ ಬಿಳಿ ಗೆರೆ ಕಾಣಿಸುತ್ತದೆ. ಅಕ್ಷರ, ಐಕಾನುಗಳ ಗಾತ್ರ ಹಿಗ್ಗಿಸುವ ವಿಂಡೋಸ್ ಸ್ಕೇಲಿಂಗ್ 27 ಇಂಚು 1440ಪಿಗೆ ಶೇ. 100 ಸಾಕು, 27 ಇಂಚು 4ಕೆಗೆ ಶೇ. 150 ಬೇಕು.

ಹಾಸ್ಟೆಲಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪಿಗೆ ಮಾನಿಟರ್ ಕೂಡಿಸುವವರು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ (PhysX) ಪುಟ ತೆರೆದು ಯಾವ ಪೋರ್ಟ್ ಯಾವ ಚಿಪ್ಪಿಗೆ ಸೇರಿದೆ ನೋಡಿ. ನೇರ ಎನ್‌ವಿಡಿಯಾ ಚಿಪ್ಪಿಗೆ ಸೇರಿದ ಪೋರ್ಟಿಗೆ ಹಾಕಿದರೆ ಲ್ಯಾಪ್‌ಟಾಪಿನ ಪರದೆಗಿಂತ ನಾಲ್ಕಾರು ಎಫ್‌ಪಿಎಸ್ ಹೆಚ್ಚೇ ಸಿಗಬಹುದು.

ಕರೆಂಟು. 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್. ಆರ್‌ಟಿಎಕ್ಸ್ 4060 ಕಾರ್ಡು 115 ವ್ಯಾಟ್ ತೆಗೆದುಕೊಳ್ಳುತ್ತದೆ, 4070 ಆದರೆ 200, ಆರ್‌ಎಕ್ಸ್ 7800 ಎಕ್ಸ್‌ಟಿ 263. ಪ್ರೊಸೆಸರಿಗೆ 100, 27 ಇಂಚಿನ ಮಾನಿಟರಿಗೆ 40 ಕೂಡಿಸಿ ನೋಡಿ. 1440ಪಿಗೆಂದು ಕಾರ್ಡು ಬದಲಿಸಿದವರ ಹಳೆ ಯುಪಿಎಸ್, ಹೆಸ್ಕಾಂ ಕರೆಂಟು ಹೋದ ಕ್ಷಣದಲ್ಲೇ ಕೀಂಯ್ ಎಂದು ಕೈಕೊಡುವುದು ಇದಕ್ಕೇ. 1100 ವಿಎ ಇರಲಿ, ಮಾನಿಟರನ್ನೂ ಬ್ಯಾಟರಿ ಇರುವ ಸಾಕೆಟ್ಟಿಗೇ ಹಾಕಿ. ಪರದೆ ಕಪ್ಪಾದರೆ ಯಂತ್ರ ಓಡುತ್ತಿದ್ದರೂ ಆಟ ಸೇವ್ ಮಾಡಲಾಗದು.

ಆನ್‌ಲೈನಿನಲ್ಲಿ ತರಿಸುವವರು ನಿಮ್ಮ ಪಿನ್‌ಕೋಡಿಗೆ ಮನೆಗೇ ಬಂದು ಮಾಡುವ ಸರ್ವಿಸ್ ಇದೆಯೇ ಎಂದು ಕಂಪನಿಗೆ ಕೇಳಿಯೇ ಹಣ ಕಟ್ಟಿ. ಇಲ್ಲದಿದ್ದರೆ ಕೆಟ್ಟ ಮಾನಿಟರನ್ನು ಹುಬ್ಬಳ್ಳಿಗೋ ಪುಣೆಗೋ ಹೊತ್ತೊಯ್ಯಬೇಕಾದೀತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರುವಾಗ ಪೆಟ್ಟಿಗೆ ನಿಂತೇ ಇರಲಿ. ಮಲಗಿಸಿ ಮೇಲೊಂದು ಚೀಲ ಬಿದ್ದರೆ ಪ್ಯಾನೆಲ್ ಒಳಗೇ ಬಿರಿಯುತ್ತದೆ.

ಪೆಟ್ಟಿಗೆ ಒಡೆಯುವುದನ್ನು ಮೊದಲಿನಿಂದ ವಿಡಿಯೊ ಮಾಡಿ. ಕೂಡಿಸಿದ ಮೇಲೆ ಪೂರ್ತಿ ಪರದೆಗೆ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರ ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಕಪ್ಪು ಚಿತ್ರವನ್ನು ರಾತ್ರಿ ದೀಪ ಆರಿಸಿ ನೋಡಿ. ಮೂಲೆಯಲ್ಲಿ ಕಾಣುವ ಹೊಳಪು ನೀವು ತಲೆ ಆಡಿಸಿದಂತೆ ಬದಲಾದರೆ ಅದು ಐಪಿಎಸ್‌ನ ಸ್ವಭಾವ. ಅಲ್ಲಾಡದೆ ಒಂದೇ ಕಡೆ ಹಳದಿ ತೇಪೆಯಾಗಿ ನಿಂತರೆ ಬೆಳಕಿನ ಸೋರಿಕೆ, ಅಂಥದ್ದನ್ನು ವಾಪಸು ಮಾಡುವ ಗಡುವಿನೊಳಗೇ ಹಿಂದಿರುಗಿಸಿ. ಆ ಗಡುವು ಮುಗಿಯುವವರೆಗೆ ಪೆಟ್ಟಿಗೆ, ಥರ್ಮೋಕೋಲು, ಕೇಬಲಿನ ಸಣ್ಣ ಚೀಲ ಯಾವುದನ್ನೂ ರದ್ದಿಗೆ ಹಾಕಬೇಡಿ.